ಎರಡು ಮಿಲಿಮೀಟರ್

ಗಾಬ್ರೊವೊ,
3 ಅಕ್ಟೋಬರ್ 2016

ವೆಲಿಕಾ,

ನನ್ನ ಕೈಬರಹ ಕಂಡರೆ ನೀನು ಲಕೋಟೆ ಒಡೆಯದೆ ಒಲೆಗೆ ಹಾಕುತ್ತೀಯ ಎಂದು ವಿಳಾಸವನ್ನು ಅಂಚೆ ಕಚೇರಿಯ ಗುಮಾಸ್ತೆಯ ಕೈಲಿ ಬರೆಸಿದ್ದೇನೆ. ಇಲ್ಲಿಯವರೆಗೆ ಓದಿದ್ದೀಯ ಎಂದರೆ ಉಪಾಯ ಫಲಿಸಿತು.

ನಾನು ಡೋನ್ಕಾ, ನಿನ್ನ ಅಣ್ಣ ಪೆನ್ಚೋನ ಹೆಂಡತಿ. ಅವನು ತೀರಿಕೊಂಡ ನಲವತ್ತನೆಯ ದಿನ, ಸಮಾಧಿಯ ಮುಂದೆ, ಬೇಯಿಸಿದ ಗೋಧಿಯ ತಟ್ಟೆ ಇನ್ನೂ ನನ್ನ ಕೈಯಲ್ಲಿರುವಾಗಲೇ "ಅತ್ತಿಗೆ, ಇನ್ನು ನಿಮ್ಮ ಮುಖ ನೋಡಲ್ಲ" ಎಂದು ಹೇಳಿ ಹೊರಟವಳು ನೀನು. ಒಂಬತ್ತೂವರೆ ವರ್ಷ ಮಾತು ಉಳಿಸಿಕೊಂಡಿದ್ದೀಯ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಪಿತ್ತಕೋಶದ ನೋವೆಂದು ಕಳೆದ ತಿಂಗಳು ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶ ಚೆನ್ನಾಗಿದೆಯಂತೆ. ಎಡಗಡೆಯ ಕಿಡ್ನಿಯಲ್ಲಿ ಒಂದು ಗಡ್ಡೆ ಸಿಕ್ಕಿತು. ಡಾಕ್ಟರ್ ಯೊರ್ಗೋವಾ ನನ್ನ ಕೈ ಹಿಡಿದುಕೊಂಡು "ಸದ್ಯಕ್ಕೆ ಏನೂ ಮಾಡೋದು ಬೇಡಮ್ಮ, ನೋಡ್ತಾ ಇರೋಣ, ಏಪ್ರಿಲ್‌ನಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿ" ಎಂದರು. ಕೈ ಹಿಡಿದದ್ದೇ ನನಗೆ ಸರಿಬರಲಿಲ್ಲ. ಆಮೇಲೆ ನನ್ನ ಮಗ ಕಾಮೆನ್‌ನನ್ನು "ಒಂದ್ನಿಮಿಷ ಬನ್ನಿ" ಎಂದು ಕಾರಿಡಾರಿಗೆ ಕರೆದು ಬಾಗಿಲು ಮುಚ್ಚಿಕೊಂಡರು. ಗೋಡೆಯ ಗಡಿಯಾರ ನೋಡಿದೆ. ನಾಲ್ಕು ನಿಮಿಷ.

ಕಾರಿಡಾರಿನಲ್ಲಿ ಏನು ಮಾತಾಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ವರ್ಷದ ಹಿಂದೆ ಅದೇ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ನಿನ್ನ ಅಣ್ಣನಿಗೆ ಹೊಟ್ಟೆಯ ಕ್ಯಾನ್ಸರ್, ಉಳಿದಿರುವುದು ನಾಲ್ಕು ತಿಂಗಳು ಎಂದರು. ನಾನು ಒಳಗೆ ಬಂದು "ಹುಣ್ಣಂತೆ" ಎಂದೆ. ನಿನಗೂ ಹುಣ್ಣೆಂದೇ ಬರೆದೆ, ಕಾಮೆನ್‌ಗೂ ಹಾಗೇ ಹೇಳಿದೆ. ಈ ದೇಶದಲ್ಲಿ ಸಾಯುವವನನ್ನು ಬಿಟ್ಟು ಮಿಕ್ಕವರಿಗೆ ವಿಷಯ ತಿಳಿಸುವುದು ಪದ್ಧತಿ. ನಾನು ಮಿಕ್ಕವರಿಗೂ ತಿಳಿಸಲಿಲ್ಲ, ಅಷ್ಟೇ ವ್ಯತ್ಯಾಸ.

"ಡಾಕ್ಟರು ಏನಂದ್ರೋ?" ಎಂದು ಕಾಮೆನ್‌ಗೆ ಕೇಳಿದರೆ "ಉಪ್ಪು ಕಡಿಮೆ ಮಾಡ್ಬೇಕಂತಮ್ಮ" ಎನ್ನುತ್ತಾನೆ. ಉಪ್ಪಿನ ವಿಷಯ ಮಾತಾಡಲು ಯಾರಾದರೂ ಬಾಗಿಲು ಮುಚ್ಚುತ್ತಾರೆಯೇ?

ನೀನು ಮೂವತ್ತು ವರ್ಷ ರೂಸೆಯ ಆಸ್ಪತ್ರೆಯಲ್ಲಿ ಕಿಡ್ನಿ ವಾರ್ಡಿನ ನರ್ಸಾಗಿದ್ದವಳು. ಸ್ಕ್ಯಾನಿನ ಸಿ.ಡಿ. ಕಳಿಸಿದ್ದೇನೆ. ಫೋನ್ ಮಾಡಬೇಡ, ಕಾಗದ ಬರಿ. ಫೋನಿನಲ್ಲಿ ಸುಳ್ಳು ಸಲೀಸು, ಕಾಗದದಲ್ಲಿ ಅದು ಕಾಣುತ್ತದೆ. ಗಿರಣಿಯಲ್ಲಿ ಮೂವತ್ತೊಂದು ವರ್ಷ ಥಾನುಗಟ್ಟಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ದೋಷ ಹುಡುಕಿದ ಕಣ್ಣು ನನ್ನದು. ನನ್ನ ಅಂಚೆಪೆಟ್ಟಿಗೆಯ ಕೀಲಿ ಕಾಮೆನ್ ಹತ್ತಿರವೂ ಇದೆ, ಅದರಿಂದ ಮನೆಗೆ ಕಳಿಸಬೇಡ. ಅಂಚೆ ಕಚೇರಿಯಲ್ಲೇ ಇರಿಸಿಕೊಳ್ಳಲಿ, ನಾನು ಹೋಗಿ ತೆಗೆದುಕೊಳ್ಳುತ್ತೇನೆ.

ನನ್ನನ್ನು ಪ್ರೀತಿಸುವವರೆಲ್ಲ ನನಗೆ ಸುಳ್ಳು ಹೇಳುತ್ತಿದ್ದಾರೆ. ನೀನೊಬ್ಬಳು ನನ್ನನ್ನು ಪ್ರೀತಿಸುವುದಿಲ್ಲ. ನಿಜ ಹೇಳು.

ಡೋನ್ಕಾ


ರೂಸೆ,
19 ಅಕ್ಟೋಬರ್ 2016

ಶ್ರೀಮತಿ ಡೋನ್ಕಾ ಅವರಿಗೆ,

ಪತ್ರವೂ ಸಿ.ಡಿ.ಯೂ ತಲುಪಿದವು. ಸಿ.ಡಿ.ಯನ್ನು ದಿಂಬಿನ ಬಟ್ಟೆಯಲ್ಲಿಟ್ಟು ನಾಲ್ಕೂ ಕಡೆ ಹೊಲಿದಿದ್ದೀರಿ. ಬಿಚ್ಚಲು ಕತ್ತರಿ ಬೇಕಾಯಿತು.

ನಾನು ನಿವೃತ್ತಳಾಗಿ ಎರಡು ವರ್ಷವಾದರೂ ವಾರ್ಡಿನ ಹಿರಿಯ ಡಾಕ್ಟರು ಈಗಲೂ ಕೂರಿಸಿ ಕಾಫಿ ಕೊಡುತ್ತಾರೆ. ನಿಮ್ಮ ಹೆಸರು ಹೇಳದೆ ಅವರಿಗೆ ತೋರಿಸಿದೆ. ಗಡ್ಡೆ ಇಪ್ಪತ್ತೊಂದು ಮಿಲಿಮೀಟರ್ ಇದೆ. ಚಿಕ್ಕದು. ಇಷ್ಟು ಚಿಕ್ಕವುಗಳಲ್ಲಿ ಐದರಲ್ಲೊಂದು ಕ್ಯಾನ್ಸರೇ ಆಗಿರುವುದಿಲ್ಲ. ಆಗಿದ್ದರೂ ಹೆಚ್ಚಿನವು ತೀರ ನಿಧಾನ. ನಿಮ್ಮ ವಯಸ್ಸು ಅರವತ್ತೆಂಟು. ನಿಮ್ಮ ಬಲಗಡೆಯ ಕಿಡ್ನಿ ಹಳೆಯ ಕಲ್ಲಿನಿಂದ ಕುಗ್ಗಿಹೋಗಿದೆ, ಅದು ಕಾಲು ಭಾಗ ಕೆಲಸವನ್ನೂ ಮಾಡುತ್ತಿಲ್ಲ. ಎಂದರೆ ನೀವು ಬದುಕಿರುವುದೇ ಈ ಗಡ್ಡೆ ಕೂತಿರುವ ಎಡಗಿಡ್ನಿಯ ಮೇಲೆ. ಅದನ್ನು ತೆಗೆದರೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರ, ಸಾಯುವವರೆಗೆ.

ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆಯಬಹುದು, ಆದರೆ ಅದು ಒಳಗೆ, ದೊಡ್ಡ ರಕ್ತನಾಳದ ಪಕ್ಕದಲ್ಲಿದೆ. ಕತ್ತರಿಸಲು ಹೋದವರು ಇಡೀ ಕಿಡ್ನಿಯನ್ನೇ ಹೊರತೆಗೆಯಬೇಕಾಗಿ ಬರಬಹುದು. ಸೂಜಿ ಹಾಕಿ ಹೆಪ್ಪುಗಟ್ಟಿಸಿ ಸಾಯಿಸುವ ಉಪಾಯವೂ ಇದೆ. ಸೂಜಿಯಲ್ಲೇ ಚೂರು ತೆಗೆದು ಏನೆಂದು ಪರೀಕ್ಷಿಸಲೂಬಹುದು. ಇದ್ಯಾವುದೂ ಬೇಡವೆಂದರೆ ಆರು ತಿಂಗಳಿಗೊಮ್ಮೆ ನೋಡುತ್ತಿರುವುದು. ಈಗ ನೋಡುತ್ತಿರುವುದೇ ಸರಿ ಎಂದು ಇಲ್ಲಿಯ ಡಾಕ್ಟರೂ ಹೇಳಿದರು. ನಿಮ್ಮ ಯೊರ್ಗೋವಾ ಸುಳ್ಳು ಹೇಳಿಲ್ಲ. ಉಪ್ಪಿನ ವಿಷಯವೂ ನಿಜ, ಕುಗ್ಗಿದ ಕಿಡ್ನಿಗೆ ಉಪ್ಪು ಆಗದು.

ತಾನು ಕಳ್ಳ, ಪರರ ನಂಬ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

(ಇಲ್ಲಿ ಎರಡು ಸಾಲು ಹೊಡೆದುಹಾಕಿದ್ದೇನೆ. ಓದಲು ಹೋಗಬೇಡಿ.)

ವೆಲಿಕಾ


ಗಾಬ್ರೊವೊ,
6 ನವೆಂಬರ್ 2016

ವೆಲಿಕಾ,

ಕಿಟಕಿಗೆ ಹಿಡಿದು ಓದಿದೆ. "ಅಣ್ಣ ಇದ್ದಿದ್ದರೆ" ಎಂದಿತ್ತು. ಮುಂದಿನದನ್ನು ನೀನು ಗಟ್ಟಿಯಾಗಿ ಗೀಚಿದ್ದೀಯ.

ನಿನ್ನ ಪತ್ರವನ್ನು ಮುಕ್ಕಾಲು ಪಾಲು ನಂಬಿದ್ದೇನೆ. ಉಳಿದ ಕಾಲು ಪಾಲಿಗೆ ಕಾರಣವಿದೆ, ಕೇಳು.

ಪ್ರತಿ ಚಳಿಗಾಲಕ್ಕೂ ನಾನು ಒಂದು ಪೀಪಾಯಿ ಎಲೆಕೋಸು ಉಪ್ಪಿನಲ್ಲಿ ಹಾಕುತ್ತೇನೆ. ಈ ಸಲ ಕಾಮೆನ್ ಬಂದು "ಅಮ್ಮ, ಈ ವರ್ಷ ಪೀಪಾಯಿ ಬೇಡ ಬಿಡು" ಎಂದ. ಪೀಪಾಯಿಯ ಕೋಸು ಮುಗಿಯುವುದು ಮಾರ್ಚಿಗೆ. ಮಾರ್ಚಿನವರೆಗೆ ತಿನ್ನುವವಳು ಇರುವುದಿಲ್ಲ ಎಂದಲ್ಲವೇ ಅರ್ಥ? ಸೊಸೆ ಇಸ್ಕ್ರಾ, ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನನ್ನ ಮನೆಯ ಒಂದು ಲೋಟ ತೊಳೆದವಳಲ್ಲ, ಬಂದು ಕಿಟಕಿಗಳನ್ನೆಲ್ಲ ಒರೆಸಿಹೋದಳು. ಜನ ಬರುವ ಮನೆಯ ಕಿಟಕಿಯನ್ನು ಒರೆಸುತ್ತಾರೆ. ನಮ್ಮ ಮನೆಗೆ ಜನ ಯಾವಾಗ ಬರುತ್ತಾರೆ ಹೇಳು?

ಇದು ಸಾಲದೆಂದು ಕಳೆದ ಭಾನುವಾರ ಕಾಮೆನ್ "ಆ ನೀಲಿ ರವಿಕೆ ಹಾಕ್ಕೊಂಡು ಗೋಡೆ ಹತ್ರ ನಿಂತ್ಕೋಮ್ಮ, ಒಂದು ಫೋಟೋ" ಎಂದ. ಬರೀ ಮುಖ, ನೇರ ಕ್ಯಾಮೆರಾ ನೋಡಬೇಕಂತೆ, ನಗಬಾರದಂತೆ. ನಮ್ಮ ಬೀದಿಯ ಬಾಗಿಲುಗಳ ಮೇಲೆ, ಬಸ್ ನಿಲ್ದಾಣದ ಕಂಬದ ಮೇಲೆ ಅಂಟಿಸುವ ಸಾವಿನ ಚೀಟಿಗಳಲ್ಲಿ ಎಂಥ ಫೋಟೋ ಇರುತ್ತದೆ ಎಂದು ನಿನಗೆ ಗೊತ್ತು. ಪೆನ್ಚೋನ ಫೋಟೋ ನಾನೂ ಹೀಗೇ ತೆಗೆಸಿದ್ದೆ, ಪಿಂಚಣಿ ಕಚೇರಿಗೆ ಬೇಕು ಎಂದು ಹೇಳಿ.

ಅದಕ್ಕೇ ಪ್ಲೊವ್ಡಿವ್‌ಗೆ ಹೋಗಿಬಂದೆ. ಅಲ್ಲೊಬ್ಬ ಸರ್ಜನ್ ಇದ್ದಾನೆ. ಕೈ ಹಿಡಿಯಲಿಲ್ಲ, ನಗಲಿಲ್ಲ. "ಗಡ್ಡೆ ಮಾತ್ರ ತೆಗೆಯೋಕೆ ನೋಡ್ತೀನಿ, ಆಗದಿದ್ರೆ ಕಿಡ್ನಿನೇ ತೆಗೀಬೇಕಾಗುತ್ತೆ, ಯೋಚನೆ ಮಾಡಿ" ಎಂದು ನನ್ನ ಮುಖಕ್ಕೇ ಹೇಳಿದ. ಅವನನ್ನು ನಂಬಿದೆ.

ಏಪ್ರಿಲ್‌ವರೆಗೆ ಕಾಯುತ್ತೇನೆ, ನೀನು ಬರೆದೆ ಎನ್ನುವ ಒಂದೇ ಕಾರಣಕ್ಕೆ. ಆಮೇಲೆ ಅದು ಒಂದು ಕೂದಲೆಳೆ ಬೆಳೆದಿದ್ದರೂ ತೆಗೆಸಿಬಿಡುತ್ತೇನೆ. ಯಂತ್ರವಾದರೆ ಯಂತ್ರ.

ಡೋನ್ಕಾ


ರೂಸೆ,
28 ನವೆಂಬರ್ 2016

ಡೋನ್ಕಾ ಅವರಿಗೆ,

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ಈಗ ಅವರಿಂದ ಕಾಗದವೂ ಬರುತ್ತಿದೆ. ಬಾಗಿಲು ಬೇಗ ಮುಚ್ಚಿ ಬಿಸಿ ಉಳಿಯಲೆಂದು ಬೆಕ್ಕಿನ ಬಾಲ ಕತ್ತರಿಸುವ ಜಿಪುಣರ ಊರಿನವರು ನೀವು. ನಿಮ್ಮಲ್ಲಿ ಕತ್ತರಿ ಯಾವಾಗಲೂ ಕೈಗೆಟಕುವ ಹಾಗೇ ಇರುತ್ತದೆ.

ವಾರಕ್ಕೆ ಮೂರು ದಿನ ಯಂತ್ರಕ್ಕೆ ಕೈ ಒಡ್ಡಿ ನಾಲ್ಕು ಗಂಟೆ ಮಲಗುವವರ ಕೈಗೆ ನಾನು ಮೂವತ್ತು ವರ್ಷ ಸೂಜಿ ಚುಚ್ಚಿದ್ದೇನೆ. "ಯಂತ್ರವಾದರೆ ಯಂತ್ರ" ಎಂದು ಅವರಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ನೀವು ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಇಳಿಯುವವರು. ಅದೂ ಹೋಗುತ್ತದೆ.

ಕಾಲು ಪಾಲು ಅನುಮಾನಕ್ಕೆ ಮದ್ದು ಕೊಡುತ್ತೇನೆ. ನಿಮ್ಮ ಮೊದಲ ಪತ್ರ ಓದಿದಾಗ ನನಗೆ ಮೊದಲು ಆದದ್ದು ಸಂತೋಷ. "ಆಗಲಿ, ಅವಳಿಗೂ ಕಾರಿಡಾರಿನ ಬಾಗಿಲು ಮುಚ್ಚಲಿ" ಎಂದುಕೊಂಡೆ. ಎದ್ದು ಕಾಫಿ ಮಾಡಿಕೊಂಡು ಕುಡಿದೆ, ರುಚಿಯಾಗಿತ್ತು. ನಾಚಿಕೆ ಆದದ್ದು ಮಾರನೆಯ ದಿನ. ನಿಮ್ಮ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳುವವಳು ಇದನ್ನು ಬರೆಯುತ್ತಿದ್ದಳೇ?

ಅಣ್ಣ ನನ್ನನ್ನು ಸಾಕಿದವನು. ನೀವು ಹುಣ್ಣು ಎಂದು ಬರೆದಿರಿ. ಹುಣ್ಣಿಗೆ ಯಾರು ರಜೆ ಹಾಕಿ ಬರುತ್ತಾರೆ? ನಾನು ಅವನಿಗೆ ಕ್ರಿಸ್‌ಮಸ್ಸಿಗೆ ಹುಣ್ಣಿನ ಮಾತ್ರೆ ಕಳಿಸಿದೆ, ಡೋನ್ಕಾ. ನರ್ಸಾಗಿ. ಅದನ್ನು ನೆನೆದರೆ ಈಗಲೂ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಆ ನಾಲ್ಕು ತಿಂಗಳು ಅವನು ಹೇಗಿದ್ದ ಎಂದು ಬರೆಯಿರಿ. ಬೇರೇನೂ ಬೇಡ.

ಫೋಟೋ ಪಿಂಚಣಿದಾರರ ಬಸ್ ಕಾರ್ಡಿಗಿರಬೇಕು. ನಿಮ್ಮದು ಡಿಸೆಂಬರಿಗೆ ಮುಗಿಯುವುದಿಲ್ಲವೇ?

ವೆಲಿಕಾ


ಗಾಬ್ರೊವೊ,
15 ಜನವರಿ 2017

ವೆಲಿಕಾ,

ಬಸ್ ಕಾರ್ಡ್ ಬಂತು. ನೀಲಿ ರವಿಕೆಯಲ್ಲಿ ಜೈಲಿನಿಂದ ಬಿಟ್ಟವಳ ಹಾಗಿದ್ದೇನೆ. ಆದರೂ ಒಂದು ಫೋಟೋ ಎರಡು ಕೆಲಸಕ್ಕೆ ಬರುವುದಿಲ್ಲ ಎಂದು ಯಾರು ಹೇಳಿದರು?

ಕಾಫಿಯ ವಿಷಯ ಓದಿ ಮನಸ್ಸಿಗೆ ಹಿತವಾಯಿತು. ಈ ಮೂರು ತಿಂಗಳಲ್ಲಿ ಯಾರೂ ನನಗೆ ಅಷ್ಟು ಕೆಟ್ಟದಾಗಿ ಮಾತಾಡಿರಲಿಲ್ಲ. ಎಲ್ಲರೂ ಬೆಣ್ಣೆ ಹಚ್ಚುತ್ತಾರೆ.

ಗಡ್ಡೆಯ ಜೊತೆ ಬದುಕುವುದು ಬಾಡಿಗೆ ಕೊಡದ ಬಾಡಿಗೆದಾರನನ್ನು ಮನೆಯಲ್ಲಿಟ್ಟುಕೊಂಡ ಹಾಗೆ. ಸದ್ದಿಲ್ಲ, ನೋವಿಲ್ಲ. ಆದರೆ ಬೂಟಿನ ದಾರ ಕಟ್ಟಲು ಬಗ್ಗಿದಾಗ, ಬಸ್ಸು ಕುಲುಕಿದಾಗ, ಒಳಗೆ ಇದ್ದಾನಲ್ಲ ಎಂದು ನೆನಪಾಗುತ್ತದೆ. ಸೊಂಟದ ಎಡಭಾಗಕ್ಕೆ ಕೈ ತಾನಾಗಿ ಹೋಗುತ್ತದೆ. ಯಾರಾದರೂ ನೋಡಿದರೆ ಲಂಗ ಸರಿಮಾಡಿಕೊಂಡ ಹಾಗೆ ಮಾಡುತ್ತೇನೆ. ಉಪ್ಪಿಲ್ಲದ ಹುರುಳಿಕಾಯಿ ಸಾರು ತಿಂದು ತಿಂದು ನಾಲಿಗೆ ಸತ್ತಿದೆ.

ಇನ್ನು ಪೆನ್ಚೋ. ಅಕ್ಟೋಬರಿನಲ್ಲಿ ನೆರೆಯವರ ಗಡಿಯಾರಗಳನ್ನೆಲ್ಲ ತಂದು ರಿಪೇರಿ ಮಾಡಿಕೊಟ್ಟ. ನವೆಂಬರಿನಲ್ಲಿ ಕೈ ನಡುಗತೊಡಗಿತು, ಬಿಟ್ಟ. ಸಂತ ನಿಕೊಲಾಯ್ ಹಬ್ಬದ ದಿನ ಮೀನು ಬೇಕೆಂದ. ಇಡೀ ಕಾರ್ಪ್ ಮೀನಿಗೆ ವಾಲ್‌ನಟ್ ತುಂಬಿಸಿ ಬೇಯಿಸಿದೆ, ಎರಡು ಚಮಚ ತಿಂದು "ನೀನು ಮಾಡಿದ್ರಲ್ಲೇ ಇದು ಒಳ್ಳೇದು" ಎಂದ. ನಿನ್ನ ಮಾತ್ರೆಗಳನ್ನು ತಪ್ಪದೆ ನುಂಗಿದ, "ವೆಲಿಕಾ ಕಳ್ಸಿದ್ದು, ಕೆಲ್ಸ ಮಾಡುತ್ತೆ" ಎನ್ನುತ್ತಿದ್ದ. ನಿನ್ನ ಕೈ ಕಚ್ಚಿಕೊಳ್ಳಬೇಡ.

ಜನವರಿಯಲ್ಲಿ ಒಂದು ಮಧ್ಯಾಹ್ನ "ಡೋನ್ಕಾ, ಹುಣ್ಣು ಇಷ್ಟು ದಿನ ಇರುತ್ತಾ?" ಎಂದು ಕೇಳಿದ. "ಇರುತ್ತೆ, ಒಬ್ಬೊಬ್ರಿಗೆ ಒಂದೊಂದು ಥರ" ಎಂದೆ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ ಗೋಡೆಯ ಕಡೆ ತಿರುಗಿದ. ಅವನು ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅವನ ಬೆನ್ನು ನೋಡುತ್ತ ಕೂತಿದ್ದೆ.

ಡೋನ್ಕಾ


ಗಾಬ್ರೊವೊ,
12 ಏಪ್ರಿಲ್ 2017

ಪ್ರೀತಿಯ ವೆಲಿಕಾ ಅತ್ತೆಗೆ,

ನಾನು ಕಾಮೆನ್. ಅಮ್ಮ ನಿಮಗೆ ಬರೆಯುತ್ತಿರುವುದು ನನಗೆ ಗೊತ್ತಿದೆ. ಅಂಚೆ ಕಚೇರಿಯ ಗುಮಾಸ್ತೆ ಇಸ್ಕ್ರಾಳ ಚಿಕ್ಕಮ್ಮ. ಪತ್ರಗಳನ್ನು ನಾವು ಮುಟ್ಟಿಲ್ಲ, ಆಣೆ ಮಾಡಿ ಹೇಳುತ್ತೇನೆ. ನೀವಿಬ್ಬರೂ ಮಾತಾಡುತ್ತಿದ್ದೀರಿ ಎನ್ನುವುದೇ ನನಗೆ ಸಾಕಾಗಿತ್ತು.

ಎರಡನೆಯ ಸ್ಕ್ಯಾನ್ ಆಯಿತು. ಇಪ್ಪತ್ತಮೂರು ಮಿಲಿಮೀಟರ್ ಬಂದಿದೆ. ಡಾಕ್ಟರ್ ಯೊರ್ಗೋವಾ ಹೇಳುವುದು ಎರಡು ಮಿಲಿಮೀಟರ್ ಲೆಕ್ಕಕ್ಕಿಲ್ಲ, ಅದೇ ಚಿತ್ರವನ್ನು ಇಬ್ಬರು ಅಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ, ನೋಡುತ್ತಿರೋಣ ಎಂದು. ಆದರೆ ಅಮ್ಮ ಪ್ಲೊವ್ಡಿವ್‌ನಲ್ಲಿ ಮಾತಾಡಿಟ್ಟಿದ್ದಾಳೆ. ಅವಳ ಕೈಚೀಲದಲ್ಲಿ ಆ ಆಸ್ಪತ್ರೆಯ ಕಾಗದ ನೋಡಿದೆ. ಒಂದು ಮಿಲಿಮೀಟರ್ ಬೆಳೆದಿದೆ ಎಂದರೂ ಹೋಗಿ ಆಪರೇಷನ್‌ಗೆ ಮಲಗಿಬಿಡುತ್ತಾಳೆ. ನಾನು ಹೇಳಿದರೆ ನಂಬುವುದಿಲ್ಲ, ಡಾಕ್ಟರು ಹೇಳಿದರೂ ನಂಬುವುದಿಲ್ಲ. ಎರಡಕ್ಕೂ ಕಾರಣ ನಿಮಗೆ ಗೊತ್ತು.

ವರದಿ ನನ್ನ ಹತ್ತಿರ ಇದೆ. ಬದಲಾವಣೆ ಇಲ್ಲ ಎಂದು ಹೇಳಿದ್ದೇನೆ. ಸಿ.ಡಿ.ಯನ್ನು ಅವಳೇ ಇಸಿದುಕೊಂಡಳು, ನಿಮಗೆ ಕಳಿಸುತ್ತಾಳೆ. ಅತ್ತೆ, ದಯವಿಟ್ಟು ಇಪ್ಪತ್ತೊಂದು ಎಂದೇ ಬರೆಯಿರಿ. ನೀವು ಬರೆದರೆ ನಂಬುತ್ತಾಳೆ. ವಾರಕ್ಕೆ ಮೂರು ದಿನ ಅವಳನ್ನು ಯಂತ್ರಕ್ಕೆ ಕಟ್ಟಿಹಾಕಿ ನೋಡುವ ಶಕ್ತಿ ನನಗಿಲ್ಲ.

ನಿಮ್ಮ ಕಾಮೆನ್


ರೂಸೆ,
24 ಏಪ್ರಿಲ್ 2017

ಪ್ರೀತಿಯ ಅತ್ತಿಗೆಗೆ,

ಸಿ.ಡಿ. ತಲುಪಿತು. ಡಾಕ್ಟರ ಜೊತೆ ಕೂತು ನಿಧಾನವಾಗಿ ನೋಡಿದೆ. ಗಡ್ಡೆ ಇಪ್ಪತ್ತೊಂದು ಮಿಲಿಮೀಟರ್, ಹೋದ ಸಲ ಎಷ್ಟಿತ್ತೋ ಅಷ್ಟೇ. ಬದಲಾವಣೆ ಇಲ್ಲ. ನೀವು ಯಾವುದಕ್ಕೂ ಆತುರಪಡಬೇಕಾಗಿಲ್ಲ. ಅಕ್ಟೋಬರಿನಲ್ಲಿ ಮತ್ತೊಮ್ಮೆ ನೋಡಿದರೆ ಸಾಕು.

ಇಲ್ಲಿ ದಾನ್ಯೂಬ್ ನದಿಯ ದಂಡೆಯಲ್ಲಿ ಹೂ ಬಿಟ್ಟಿದೆ. ಬೇಸಿಗೆಯಲ್ಲಿ ಒಂದು ವಾರ ಬಂದು ಇದ್ದುಹೋಗಿ. ಆರೋಗ್ಯ ನೋಡಿಕೊಳ್ಳಿ, ಬೆಚ್ಚಗಿರಿ.

ನಿಮ್ಮ ವೆಲಿಕಾ


ಗಾಬ್ರೊವೊ,
9 ಮೇ 2017

ವೆಲಿಕಾ,

ನಿನ್ನ ಪತ್ರವನ್ನು ಕಿಟಕಿಗೆ ಹಿಡಿದೆ. ಒಂದು ಗೀಚು ಇಲ್ಲ. ಈ ಹಿಂದಿನ ಎರಡರಲ್ಲೂ ಪುಟಕ್ಕೆ ಐದಾರು ಕಡೆ ಹೊಡೆದು ಬರೆದಿದ್ದೆ, ಅಕ್ಷರಗಳು ಸಾಲಿನಿಂದ ಕೆಳಗೆ ಜಾರಿದ್ದವು. ಇದನ್ನು ಕರಡು ಬರೆದು ನಕಲು ಮಾಡಿದ್ದೀಯ. ಗಿರಣಿಯಲ್ಲಿ ಹರಿದದ್ದನ್ನು ಸೇರಿಸಿ ನೇಯ್ದ ಜಾಗ ಮಿಕ್ಕ ಬಟ್ಟೆಗಿಂತ ನಯವಾಗಿರುತ್ತಿತ್ತು. ನಾವು ಅಲ್ಲೇ ಬೆರಳಿಡುತ್ತಿದ್ದೆವು.

"ಪ್ರೀತಿಯ ಅತ್ತಿಗೆ" ಎಂದು ಬೇರೆ ಬರೆದೆ. ಹೂವಂತೆ, ಬೆಚ್ಚಗಿರಬೇಕಂತೆ, ಮೇ ತಿಂಗಳಲ್ಲಿ.

ನನ್ನ ಹತ್ತಿರ ಸಿ.ಡಿ.ಯ ಇನ್ನೊಂದು ಪ್ರತಿ ಇತ್ತು. ಪ್ಲೊವ್ಡಿವ್‌ಗೆ ತೆಗೆದುಕೊಂಡು ಹೋದೆ. ಸರ್ಜನ್ ನನ್ನ ಮುಂದೆಯೇ ಅಳೆದ. ಇಪ್ಪತ್ತಮೂರು.

ನನಗೆ ಸಿಟ್ಟಿಲ್ಲ. ನಾನು ಯಾವ ಬಾಯಲ್ಲಿ ಸಿಟ್ಟು ಮಾಡಲಿ? ನಾನು ನಿನ್ನ ಅಣ್ಣನಿಗೆ ಮಾಡಿದ್ದನ್ನೇ ನೀನು ನನಗೆ ಮಾಡಿದೆ. ಆದರೆ ನನಗೊಂದು ಲೆಕ್ಕ ಅರ್ಥವಾಯಿತು. ದ್ವೇಷವಿದ್ದಾಗ ನಿಜ ಬರೆದೆ. ಈಗ ನೀನೂ ಸುಳ್ಳು ಬರೆದೆ. ನಿನ್ನಂಥವಳಿಗೂ ನನ್ನ ಮೇಲೆ ಕನಿಕರ ಹುಟ್ಟಿದೆ ಎಂದರೆ ನನ್ನ ಕಥೆ ಮುಗಿದಿದೆ. ಎಷ್ಟು ಹರಡಿದೆ ಎಂದು ಹೇಳುವವರು ಇನ್ನು ಯಾರೂ ಉಳಿದಿಲ್ಲ. ಕತ್ತಿಯನ್ನೇ ಕೇಳುತ್ತೇನೆ.

ಹದಿನೆಂಟನೆಯ ತಾರೀಖು, ಗುರುವಾರ ಬೆಳಿಗ್ಗೆ ಆಪರೇಷನ್. ಹಿಂದಿನ ದಿನವೇ ಸೇರಿಕೊಳ್ಳಬೇಕು. ಹಿಸಾರ್ಯಾದ ಬಿಸಿನೀರಿನ ಬುಗ್ಗೆಗೆ ಹೋಗುತ್ತೇನೆಂದು ಕಾಮೆನ್‌ಗೆ ಹೇಳಿದ್ದೇನೆ. ಅವನಿಗೆ ತಿಳಿಸಬೇಡ. ಸುಳ್ಳು ನಿನಗೂ ಈಗ ಅಭ್ಯಾಸವಾಯಿತಲ್ಲ.

ಆ ಒಂದು ಚಳಿಗಾಲ ಚೆನ್ನಾಗಿತ್ತು. ನಿನ್ನ ಕಾಗದಕ್ಕೆ ಕಾಯುತ್ತಿದ್ದೆ.

ಡೋನ್ಕಾ


ಪ್ಲೊವ್ಡಿವ್, ಆಸ್ಪತ್ರೆಯ ಕೆಳಗಿನ ಹಾಲ್,
17 ಮೇ 2017

ಅತ್ತಿಗೆ,

ಐದು ಗಂಟೆಯವರೆಗೆ ಮೇಲೆ ಬಿಡುವುದಿಲ್ಲವಂತೆ. ನಾನೂ ನರ್ಸು, ನಿಯಮ ಗೊತ್ತು, ಆದರೂ ಜಗಳವಾಡಿದೆ. ಇದನ್ನು ನಿಮ್ಮ ಕೈಗೇ ಕೊಡುತ್ತೇನೆಂದು ಒಬ್ಬ ನರ್ಸ್ ಒಪ್ಪಿದ್ದಾಳೆ. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಗೀಚುಗಳನ್ನು ಎಣಿಸಿಕೊಳ್ಳಿ.

ಕಾಮೆನ್ ನನಗೆ ಬರೆದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ. ಯೊರ್ಗೋವಾ ಕಾರಿಡಾರಿನಲ್ಲಿ ಏನು ಹೇಳುತ್ತಾರೆ ಎಂದು ಅದರಲ್ಲಿದೆ. ನಿಮಗೆ ಹೇಳಿದ್ದನ್ನೇ ಅವನಿಗೂ ಹೇಳಿದ್ದಾರೆ. ಅವರ ತಪ್ಪು ಬಾಗಿಲು ಮುಚ್ಚಿದ್ದು ಮಾತ್ರ.

ನಿಜ ಇದು: ಇಪ್ಪತ್ತಮೂರು. ಎಲ್ಲೂ ಹರಡಿಲ್ಲ, ಶ್ವಾಸಕೋಶ, ಯಕೃತ್ತು ಎಲ್ಲ ಸ್ವಚ್ಛ. ಅದು ಕ್ಯಾನ್ಸರೋ ಅಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಸೂಜಿ ಹಾಕಿ ಚೂರು ತೆಗೆದು ನೋಡಿದರೆ ತಿಳಿಯಬಹುದು. ಅದಕ್ಕೂ ಮೊದಲು ಬದುಕಿರುವ ಒಂದೇ ಕಿಡ್ನಿಯನ್ನು ಕತ್ತಿಗೆ ಕೊಡುವುದು ಬೇಡ ಎನ್ನುವುದು ನನ್ನ ಮಾತು.

ನಾನು ಸುಳ್ಳು ಬರೆದದ್ದು ನೀವು ಸಾಯುತ್ತೀರಿ ಎಂದಲ್ಲ. ಎರಡು ಮಿಲಿಮೀಟರ್ ಎಂದು ನಾನು ಬರೆದರೆ ನಿಮಗೆ ಸಾವು ಎಂದು ಕೇಳಿಸುತ್ತದೆ ಎಂದು ಹೆದರಿದೆ. ನಿಜವನ್ನು ಹೊರುವ ಶಕ್ತಿ ನಿಮಗಿದೆ ಎಂದು ನಾನು ನಂಬಲಿಲ್ಲ. ನನ್ನ ಅಣ್ಣನನ್ನು ನೀವು ನಂಬದ ಹಾಗೆ. ಆ ಪತ್ರವನ್ನು ಡಬ್ಬಿಗೆ ಹಾಕಿ ಬರುವಾಗ, ನೀವು ಆ ಕಾರಿಡಾರಿನಿಂದ ಒಳಗೆ ಹೇಗೆ ನಡೆದು ಹೋಗಿರಬಹುದು ಎಂದು ನನ್ನ ಕಾಲಿಗೆ ಗೊತ್ತಾಯಿತು. ಹತ್ತು ವರ್ಷ ನಿಮ್ಮನ್ನು ಬೈದೆ, ಒಂದು ತಿಂಗಳೂ ಸುಳ್ಳು ಹೊತ್ತುಕೊಂಡಿರಲಾಗಲಿಲ್ಲ.

ದೇಹ ನಿಮ್ಮದು, ತೀರ್ಮಾನವೂ ನಿಮ್ಮದು. ನಾಳೆ ಬೆಳಿಗ್ಗೆ ಒಳಗೆ ಹೋಗುತ್ತೀರಾದರೆ ನಾನು ಇದೇ ಬೆಂಚಿನ ಮೇಲೆ ಕೂತಿರುತ್ತೇನೆ, ಯಂತ್ರವೇ ಗತಿಯಾದರೆ ನಿಮ್ಮ ಕೈಗೆ ನೀವೇ ಸೂಜಿ ಚುಚ್ಚಿಕೊಳ್ಳಲೂ ಕಲಿಸಿಕೊಡುತ್ತೇನೆ. ಕೆಳಗೆ ಇಳಿದು ಬರುತ್ತೀರಾದರೆ ಆರೂವರೆಗೆ ಬಸ್ಸಿದೆ. ಅಣ್ಣನ ಹತ್ತಿರ ಕೂರಲು ನನಗೆ ಸಿಗಲಿಲ್ಲ. ನಿಮ್ಮ ಹತ್ತಿರವಾದರೂ ಕೂರುತ್ತೇನೆ. ನಿಮ್ಮ ಮೇಲೆ ನನಗೆ ಪ್ರೀತಿಯಿದೆ, ಅದಕ್ಕೆ ನಾನೇನು ಮಾಡಲಿ? ಅನುಮಾನಪಡಿ ಬೇಕಾದರೆ.

ವೆಲಿಕಾ


ಗಾಬ್ರೊವೊ,
2 ಜುಲೈ 2017

ವೆಲಿಕಾ,

ಫೋನ್ ಮಾಡಬಹುದಿತ್ತು. ಆದರೆ ಇದನ್ನು ನೀನು ಕಿಟಕಿಗೆ ಹಿಡಿದು ನೋಡಲಿ ಎಂದು ಬರೆಯುತ್ತಿದ್ದೇನೆ.

ಅವತ್ತು ಪ್ಲೊವ್ಡಿವ್‌ನಿಂದ ವಾಪಸು ಬರುವ ಬಸ್ಸಿನಲ್ಲಿ ನೀನು ನನ್ನ ಭುಜದ ಮೇಲೆ ಬಾಯಿ ತೆರೆದು ನಿದ್ದೆ ಮಾಡಿದೆ. ದಾರಿಯುದ್ದಕ್ಕೂ ನಾನು ಎಚ್ಚರವಾಗಿದ್ದು, ಇದು ಹೂಡಿದ ಉಪಾಯವೋ ನಿಜವಾದ ನಿದ್ದೆಯೋ ಎಂದು ಪರೀಕ್ಷಿಸಿದೆ. ಗೊರಕೆ ಕೇಳಿದ ಮೇಲೆ ನಂಬಿದೆ.

ಸೂಜಿ ಪರೀಕ್ಷೆಯ ಫಲಿತಾಂಶ ಶುಕ್ರವಾರ ಬಂತು. ಕಾಮೆನ್ ಜೊತೆ ಹೋಗಿದ್ದೆ. ಯೊರ್ಗೋವಾ ಕಾಗದ ನೋಡಿ ಕನ್ನಡಕ ತೆಗೆದು "ಕಾಮೆನ್, ಒಂದ್ನಿಮಿಷ..." ಎಂದು ಏಳಲು ಹೊರಟರು. "ಕೂತ್ಕೊಳ್ಳಿ ಡಾಕ್ಟ್ರೇ," ಎಂದೆ. "ಕಾಮೆನ್, ನೀನು ಹೋಗಿ ಕಾರಿಡಾರಿನಲ್ಲಿ ನಿಂತ್ಕೋ. ಬಾಗಿಲು ಹಾಕ್ಕೊಂಡು ಹೋಗು."

ಇಬ್ಬರೂ ನನ್ನನ್ನೇ ನೋಡಿದರು. ಅವನು ಹೋದ. "ಈಗ ನಂಗೆ ಹೇಳಿ. ಎಲ್ಲಾನೂ," ಎಂದೆ.

ಹೇಳಿದರು. ಕ್ಯಾನ್ಸರ್. ನಿಧಾನದ ಜಾತಿ. ಸೂಜಿಯ ದಿನ ಬೇರೆಯವರು ಅಳೆದಾಗ ಇಪ್ಪತ್ತೆರಡು ಬಂದಿತ್ತಂತೆ, ಒಂದು ಮಿಲಿಮೀಟರ್ ಎಲ್ಲಿ ಹೋಯಿತೋ ದೇವರೇ ಬಲ್ಲ. ಈಗಲೇ ಹೆಪ್ಪುಗಟ್ಟಿಸಬಹುದು, ಅದರಿಂದಲೂ ಕಿಡ್ನಿಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಅಥವಾ ಕಾಯಬಹುದು. ನನ್ನ ಸ್ಥಾನದಲ್ಲಿ ಅವರ ತಾಯಿ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಕೇಳಿದೆ. "ಕಾಯಿರಿ ಅಂತಿದ್ದೆ. ಮೂವತ್ತು ದಾಟಿದ್ರೆ ಆಗ ಹೆಪ್ಪುಗಟ್ಟಿಸೋಣ" ಎಂದರು. ಕಾಯುತ್ತೇನೆ ಎಂದೆ. ಭಯವಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಒಳಗಿರುವವನು ಕ್ಯಾನ್ಸರ್ ಎಂದು ಗೊತ್ತಿದ್ದೂ ಅವನ ಜೊತೆ ಬದುಕಬೇಕು.

ಎದ್ದು ಬಾಗಿಲು ತೆರೆದೆ. ಕಾಮೆನ್ ಎದುರಿನ ಗೋಡೆಗೆ ಒರಗಿ ನಿಂತಿದ್ದ. ನಲವತ್ತು ದಾಟಿದವನು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಏನಂದ್ರಮ್ಮ?" ಎಂದ.

ವೆಲಿಕಾ, ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. "ಏನಿಲ್ಲ ಕಣೋ, ಬರೀ ನೀರುಗುಳ್ಳೆಯಂತೆ." ಅಷ್ಟು ಸಲೀಸಾಗಿ ಬಂದಿತ್ತು, ನಾನು ಯೋಚಿಸಬೇಕಾಗಿಯೂ ಇರಲಿಲ್ಲ. ಅವನ ಹುಬ್ಬು ಪೆನ್ಚೋನದೇ. ಅವನು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಲಿ ಎಂದು ಎಷ್ಟು ಆಸೆಯಾಯಿತು ಗೊತ್ತೇ? ಅವತ್ತೂ ಇದೇ ಆಸೆ ಇತ್ತು, ಬೇರೇನಲ್ಲ.

"ಕ್ಯಾನ್ಸರ್ ಕಣೋ," ಎಂದೆ. "ಕೂತ್ಕೋ. ಎಲ್ಲಾ ಹೇಳ್ತೀನಿ."

ಬೆಂಚಿನ ಮೇಲೆ ಕೂತು ಹೇಳಿದೆ, ಇಪ್ಪತ್ತೆರಡು, ಇಪ್ಪತ್ತಮೂರು, ಮೂವತ್ತು, ಹೆಪ್ಪುಗಟ್ಟಿಸುವುದು, ಕಾಯುವುದು. ಹೇಳಿ ಮುಗಿಸಿದ ಮೇಲೆ "ನಿಜಾನಾ?" ಎಂದು ಕೇಳಿದ. "ನಿಜ," ಎಂದೆ. ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಜನ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ.

ಅಳು ನಿಂತ ಮೇಲೆ, ನನ್ನ ಕಡೆ ನೋಡದೆ, "ಅಪ್ಪಂಗೆ ಕೊನೇಗಾದ್ರೂ ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ," ಎಂದೆ. "ಹೇಳ್ಬೇಕಿತ್ತು."

ಅವನು ನನ್ನ ಕೈಚೀಲ ಎತ್ತಿಕೊಂಡ. ಇಬ್ಬರೂ ಮೆಟ್ಟಿಲು ಇಳಿದು ಹೊರಗೆ ಬಂದೆವು.

ನಿನ್ನ ಅತ್ತಿಗೆ,
ಡೋನ್ಕಾ